ಪೈಲಟ್ ಮೆಡಿಕಲ್ ಅರ್ಜಿಯಲ್ಲಿ ನಿಜ ಬರೆದದ್ದಕ್ಕೆ ಮಗಳ ಕಡತ ನಿಂತಿದೆ, ತಿಳಿದವರು ದಾರಿ ಹೇಳಿ

ರಾಜಾಜಿನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ವಿಮಾನಯಾನ ಬಲ್ಲವರು ಇಲ್ಲಿ ಹಲವರಿದ್ದಾರೆ ಎಂದು ಕೇಳಿ ಬರೆಯುತ್ತಿದ್ದೇನೆ.

ಮಗಳಿಗೆ ಕಮರ್ಷಿಯಲ್ ಪೈಲಟ್ ಆಗಬೇಕೆಂಬ ಹಟ. ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ ಬೇಕಾದ ವೈದ್ಯಕೀಯ ಪರೀಕ್ಷೆ, ಅಂದರೆ ಕ್ಲಾಸ್ 2 ಮೆಡಿಕಲ್, ತೊಂದರೆಯಿಲ್ಲದೆ ಮುಗಿಯಿತು. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1ರಲ್ಲಿಯೂ ಕಣ್ಣು, ಕಿವಿ, ಇಸಿಜಿ, ರಕ್ತ ಎಲ್ಲವೂ ಸರಿಯಾಗಿಯೇ ಇದ್ದವು. ಹಿಂದೆ ಎಂದಾದರೂ ಮಾನಸಿಕ ತೊಂದರೆಗೆ ಸಲಹೆ ಪಡೆದಿದ್ದೀರಾ ಎಂಬ ಪ್ರಶ್ನೆಗೆ ಅವಳು ‘ಹೌದು’ ಎಂದು ಬರೆದಳು. ಕೋವಿಡ್ ಕಾಲದಲ್ಲಿ, ದ್ವಿತೀಯ ಪಿಯುಸಿ ಓದುವಾಗ ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಾವೇ ಆಪ್ತಸಮಾಲೋಚಕಿಯೊಬ್ಬರ ಬಳಿ ಕರೆದೊಯ್ದಿದ್ದೆವು. ಮಾತ್ರೆ ಏನೂ ಕೊಟ್ಟಿರಲಿಲ್ಲ, ಪರೀಕ್ಷೆ ಮುಗಿದ ಮೇಲೆ ತಾನಾಗಿಯೇ ಸರಿಹೋಯಿತು. ಕ್ಲಾಸ್ 2ರ ಅರ್ಜಿಯಲ್ಲಿಯೂ ಇದನ್ನೇ ಬರೆದಿದ್ದಳು, ಆಗ ಯಾರೂ ಕೇಳಲಿಲ್ಲ.

ಈಗ ತಾತ್ಕಾಲಿಕ ಅನರ್ಹ ಎಂದು ಬಂದಿದೆ. ಮನೋವೈದ್ಯರ ವರದಿ ಕೇಳಿದರು, ಕೊಟ್ಟೆವು. ಏನೂ ತೊಂದರೆಯಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅದನ್ನು ಕಳುಹಿಸಿ ತಿಂಗಳುಗಳೇ ಆದವು. ಪೋರ್ಟಲ್ ತೆರೆದರೆ ಪರಿಶೀಲನೆಯಲ್ಲಿದೆ ಎನ್ನುತ್ತದೆ. ಫೋನ್ ಮಾಡಿದರೆ ಇಮೇಲ್ ಕಳುಹಿಸಿ ಎನ್ನುತ್ತಾರೆ, ಇಮೇಲಿಗೆ ಉತ್ತರವಿಲ್ಲ. ಫ್ಲೈಯಿಂಗ್ ಸ್ಕೂಲಿಗೆ ಮೊದಲ ಕಂತು ಕಟ್ಟಿಯಾಗಿದೆ, ಬ್ಯಾಂಕಿನ ಬಡ್ಡಿ ಓಡುತ್ತಿದೆ.

ನನ್ನನ್ನು ಹೆಚ್ಚು ಕೊರೆಯುತ್ತಿರುವುದು ಬೇರೆ. ‘ಇಲ್ಲ ಎಂದು ಬರೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು’ ಎಂದು ಅವಳ ಜೊತೆಯವರೆಲ್ಲ ಹೇಳುತ್ತಿದ್ದಾರೆ. ಸ್ಕೂಲಿನ ಸಿಬ್ಬಂದಿಯೊಬ್ಬರೂ ಅದನ್ನೇ ಹೇಳಿದರು. ಇದ್ದದ್ದನ್ನು ಇದ್ದಂತೆ ಬರೆ ಎಂದವನು ನಾನು. ಅವಳು ಈಗ ನನ್ನ ಜೊತೆ ಸರಿಯಾಗಿ ಮಾತನಾಡುತ್ತಿಲ್ಲ. ಮುಂದೇನು ಮಾಡುವುದು?

ಎಡಗಡೆ ಸೀಟು

ಸರ್, ಮಗಳಿಗೆ ಧೈರ್ಯ ಹೇಳಿ. ತಾತ್ಕಾಲಿಕ ಅನರ್ಹತೆ ಎಂದರೆ ಬಾಗಿಲು ಮುಚ್ಚಿತು ಎಂದೇನಲ್ಲ. ನಾನು ಬೆಂಗಳೂರಿನಿಂದಲೇ ಹಾರುವ ಕ್ಯಾಪ್ಟನ್. ನಮ್ಮ ನಡುವೆ ಬಿಪಿಗೆ, ತೂಕಕ್ಕೆ, ಸಕ್ಕರೆಗೆ ಒಮ್ಮೆಯಾದರೂ ನೆಲದ ಮೇಲೆ ಕೂರದ ಹಿರಿಯರು ಕಡಿಮೆ.

ಅವಳ ಜೊತೆಯವರು ಹೇಳಿದ್ದು ನನಗೆ ಹೊಸದಲ್ಲ. ನಮ್ಮ ವೃತ್ತಿಯಲ್ಲಿ ವೈದ್ಯರು ಎರಡು ಬಗೆ, ಮೆಡಿಕಲ್ ಮಾಡುವ ವೈದ್ಯರು ಮತ್ತು ನಿಜವಾಗಿ ಕಾಯಿಲೆಯಾದಾಗ ತೋರಿಸಿಕೊಳ್ಳುವ ವೈದ್ಯರು. ಇವರಿಗೂ ಅವರಿಗೂ ಸಂಪರ್ಕ ಬಾರದಂತೆ ಪೈಲಟ್ ನೋಡಿಕೊಳ್ಳುತ್ತಾನೆ. ನಗದು ಕೊಟ್ಟು, ವಿಮೆಯ ಕ್ಲೇಮ್ ಹಾಕದೆ, ಮನೆಯಿಂದ ದೂರದ ಬಡಾವಣೆಯ ಕ್ಲಿನಿಕ್ಕಿಗೆ ಹೋಗುವವರನ್ನು ಬಲ್ಲೆ. ಅಮೆರಿಕದಲ್ಲಿ 3,765 ಪೈಲಟ್‌ಗಳನ್ನು ಕೇಳಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೆಡಿಕಲ್ ಕಳೆದುಕೊಳ್ಳುವ ಭಯದಿಂದ ಚಿಕಿತ್ಸೆಯನ್ನು ಒಂದಲ್ಲ ಒಂದು ರೀತಿ ತಪ್ಪಿಸಿಕೊಂಡಿದ್ದೇವೆ ಎಂದವರು 56.1 ಶೇಕಡಾ. ಓದಿದಾಗ ನನಗೆ ಆಶ್ಚರ್ಯವಾದದ್ದು ಉಳಿದ 44ರ ಬಗ್ಗೆ.

ಶಾಂತಿನಗರ ಸ್ಟಾಪ್

ಕ್ಷಮಿಸಿ, ನಾನು ಟಿಕೆಟ್ ಕೊಂಡು ಹಿಂದೆ ಕೂರುವವನು. ನನಗೆ ಈ ನಿಯಮಗಳು ಬಿಗಿಯಾಗಿಯೇ ಇರಬೇಕು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ 9525ರಲ್ಲಿ ಏನಾಯಿತು? ಕ್ಯಾಪ್ಟನ್ ಶೌಚಾಲಯಕ್ಕೆ ಹೋಗಿದ್ದಾಗ ಕೋ-ಪೈಲಟ್ ಬಾಗಿಲು ಹಾಕಿಕೊಂಡು ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಗುದ್ದಿಸಿದ. 150 ಜನ ಸತ್ತರು. ಅವನಿಗೆ ಖಿನ್ನತೆಯ ಇತಿಹಾಸವಿತ್ತು. ಅಂಥವನೊಬ್ಬನನ್ನು ತಡೆಯಲು ನೂರು ಮಂದಿಯ ಕಡತ ನಾಲ್ಕು ತಿಂಗಳು ತಡವಾದರೆ ಆಗಲಿ ಎನ್ನುವೆ. ಮಗಳ ವಿಷಯದಲ್ಲಿ ಮರುಕವಿದೆ ಸರ್, ಬೇಸರ ಮಾಡಿಕೊಳ್ಳಬೇಡಿ.

ಎಡಗಡೆ ಸೀಟು

ಬೇಸರವೇಕೆ, ನಿಮ್ಮ ಭಯ ನ್ಯಾಯವಾದದ್ದೇ. ಆದರೆ ಆ ಅಪಘಾತದ ಬಗ್ಗೆ ಫ್ರಾನ್ಸಿನ ತನಿಖಾ ಸಂಸ್ಥೆ 2016ರಲ್ಲಿ ಕೊಟ್ಟ ವರದಿಯನ್ನು ಓದಿ. ಲೈಸೆನ್ಸ್ ಕೊಡುವ ವಿಮಾನಯಾನ ನಿಯಂತ್ರಕರಿಗೆ ಅವನ ಖಿನ್ನತೆ ಗೊತ್ತಿತ್ತು. 2008ರಲ್ಲಿ ತರಬೇತಿಯ ನಡುವೆಯೇ ಅವನು ಖಿನ್ನತೆಯಿಂದ ಬಿಟ್ಟುಹೋಗಿದ್ದ, ಚಿಕಿತ್ಸೆಯ ನಂತರ 2009ರಲ್ಲಿ ಮರಳಿದ. ಖಿನ್ನತೆ ಮರುಕಳಿಸಿದರೆ ಇದು ಅಸಿಂಧು ಎಂಬ ಷರತ್ತು ಅವನ ಮೆಡಿಕಲ್‌ಗೇ ಅಂಟಿತ್ತು. 2014ರ ಕೊನೆಯಲ್ಲಿ ಮರುಕಳಿಸಿತು. ಆಗ ಅವನು ಒಬ್ಬರ ನಂತರ ಒಬ್ಬರಂತೆ ಖಾಸಗಿ ವೈದ್ಯರ ಬಳಿ ಹೋದ. ಕೆಲಸಕ್ಕೆ ಯೋಗ್ಯನಲ್ಲ ಎಂದು ಅವರು ಚೀಟಿಯನ್ನೂ ಕೊಟ್ಟರು. ಒಬ್ಬರು ಮನೋರೋಗ ಆಸ್ಪತ್ರೆಗೆ ಸೇರಲು ಹೇಳಿದರು. ಆ ಚೀಟಿಗಳು ಕಂಪನಿಗೆ ತಲುಪಲೇ ಇಲ್ಲ.

ಏಕೆ ತಲುಪಲಿಲ್ಲ ಎಂಬುದನ್ನೂ ವರದಿ ಕೇಳಿಕೊಂಡಿದೆ. ತರಬೇತಿಗಾಗಿ ಅವನು ಸುಮಾರು 41,000 ಯೂರೋ ಸಾಲ ಮಾಡಿದ್ದ. ಮೆಡಿಕಲ್ ಹೋದರೆ ಸಂಬಳ ಹೋಗುತ್ತದೆ, ಸಾಲ ಉಳಿಯುತ್ತದೆ. ಅವನು ಮಾಡಿದ ಕೊಲೆಯನ್ನು ಇದರಿಂದ ಯಾರೂ ಸಮರ್ಥಿಸಲಾಗದು, ನಾನಂತೂ ಸಮರ್ಥಿಸುವುದಿಲ್ಲ. ಆದರೆ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದ್ದರೆ ಅವನು ಇನ್ನಷ್ಟು ಆಳಕ್ಕೆ ಬಚ್ಚಿಡುತ್ತಿದ್ದ, ಅಷ್ಟೇ.

ನಿವೃತ್ತ ಸ್ಟೆತಸ್ಕೋಪ್

ಸಮವಸ್ತ್ರದಲ್ಲಿದ್ದಾಗ ವರ್ಷಗಟ್ಟಲೆ ಈ ಪರೀಕ್ಷೆಗಳನ್ನು ಮಾಡಿದವನು ನಾನು. ಎರಡೂ ಕಡೆಯ ಮಾತು ಕೇಳಿಸಿಕೊಂಡೆ. ನನ್ನದು ಸ್ವಲ್ಪ ಉದ್ದವಾಗುತ್ತದೆ.

ಮೊದಲು, ಇಷ್ಟೆಲ್ಲ ಪರೀಕ್ಷೆ ಏಕೆ ಎಂಬುದು. 1972ರ ಜೂನ್ 18ರಂದು ಲಂಡನ್ನಿನಿಂದ ಮೇಲೆದ್ದ ಟ್ರೈಡೆಂಟ್ ವಿಮಾನ ಸ್ಟೇನ್ಸ್ ಪಟ್ಟಣದ ಬಳಿ ಬಿತ್ತು. 118 ಸಾವು. ಕ್ಯಾಪ್ಟನ್ನರ ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ತೀವ್ರವಾಗಿ ಕಟ್ಟಿಕೊಂಡಿದ್ದದ್ದು ಕಂಡಿತು. ಅವರು ಇಸಿಜಿ ಪಾಸಾಗಿದ್ದವರೇ. ಟೋಕಿಯೋದಲ್ಲಿ 1982ರ ಫೆಬ್ರವರಿ 9ರಂದು ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ 350ರ ಕ್ಯಾಪ್ಟನ್ ಕೊನೆಯ ಕ್ಷಣದಲ್ಲಿ ಎಂಜಿನ್ನನ್ನು ಹಿಮ್ಮುಖ ಒತ್ತಡಕ್ಕೆ ತಳ್ಳಿದರು. 24 ಜನ ಸತ್ತರು. ಅವರು ಮಾನಸಿಕ ತೊಂದರೆಯ ಕಾರಣ ಹಿಂದೆ ರಜೆಯಲ್ಲಿದ್ದು ಮರಳಿದವರು. ಹೀಗಾಗಿ ಶಾಂತಿನಗರದವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ.

ಎಷ್ಟು ಅಪಾಯ ಸಹ್ಯ ಎಂಬುದಕ್ಕೆ ಒಂದು ಲೆಕ್ಕವಿದೆ, 1980ರ ದಶಕದಲ್ಲಿ ಬ್ರಿಟನ್ನಿನ ಹೃದ್ರೋಗ ತಜ್ಞರ ಚರ್ಚೆಗಳಿಂದ ಬಂದದ್ದು. ಒಬ್ಬ ಪೈಲಟ್ ಒಂದು ವರ್ಷದಲ್ಲಿ ಇದ್ದಕ್ಕಿದ್ದಂತೆ ಕುಸಿಯುವ ಸಂಭವ 1 ಶೇಕಡಾ ಇದೆ ಎನ್ನಿ. ವರ್ಷಕ್ಕೆ 8,760 ಗಂಟೆ. ಅಂದರೆ ಗಂಟೆಗೆ ಸುಮಾರು ಹತ್ತು ಲಕ್ಷದಲ್ಲಿ ಒಂದು. ಹಾರಾಟದಲ್ಲಿ ಏರುವ, ಇಳಿಯುವ ಅಪಾಯದ ಹೊತ್ತು ಹತ್ತರಲ್ಲಿ ಒಂದು ಭಾಗ. ಆ ಹೊತ್ತಿನಲ್ಲಿಯೂ ಪಕ್ಕದಲ್ಲಿರುವ ಪೈಲಟ್ ನೂರಕ್ಕೆ ತೊಂಬತ್ತೊಂಬತ್ತು ಸಲ ವಿಮಾನವನ್ನು ಉಳಿಸುತ್ತಾನೆ. ಎಲ್ಲವನ್ನೂ ಗುಣಿಸಿದರೆ ನೂರು ಕೋಟಿ ಗಂಟೆಗೆ ಒಂದು ಅಪಘಾತ. ಹಾಗಾಗಿ ಕಾಕ್‌ಪಿಟ್ಟಿನಲ್ಲಿ ಇಬ್ಬರಿದ್ದರೆ 1 ಶೇಕಡಾ ಒಪ್ಪಬಹುದು ಎಂದರು.

ನೋಡಿ, ಈ ಲೆಕ್ಕ ಪರಿಪೂರ್ಣ ಆರೋಗ್ಯವನ್ನು ಕೇಳುವುದಿಲ್ಲ, ಅಂದಾಜು ಮಾಡಬಲ್ಲ ಆರೋಗ್ಯವನ್ನು ಕೇಳುತ್ತದೆ. ಹೃದಯದಲ್ಲಿ ಇದು ನಡೆಯುತ್ತದೆ, ಮನಸ್ಸಿನಲ್ಲಿ ಅಷ್ಟು ಸುಲಭವಿಲ್ಲ. ಅಂದಾಜಿಗೆ ಮಾಹಿತಿ ಬೇಕು, ಮಾಹಿತಿ ಕೊಡಬೇಕಾದವನು ಬಾಯಿ ಬಿಡುವುದಿಲ್ಲ.

ಇನ್ನು ಕಡತ ಏಕೆ ನಿಲ್ಲುತ್ತದೆ ಎಂಬುದು. ನಮ್ಮ ದೇಶದಲ್ಲಿ ನಾಗರಿಕ ಪೈಲಟ್‌ಗಳ ವೈದ್ಯಕೀಯ ವ್ಯವಸ್ಥೆ ವಾಯುಪಡೆಯ ಹೆಗಲ ಮೇಲೆ ಬೆಳೆದದ್ದು. ನಮ್ಮ ಹಳೆ ಏರ್‌ಪೋರ್ಟ್ ರಸ್ತೆಯ ವಿಮಾನಪುರದಲ್ಲಿರುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಲ್ಲಿ ಶುರುವಾದದ್ದು. ಗಿರಗಿರನೆ ತಿರುಗಿಸಿ ಗುರುತ್ವದ ಒತ್ತಡ ಪರೀಕ್ಷಿಸುವ ಸೆಂಟ್ರಿಫ್ಯೂಜ್ ಅಲ್ಲಿದೆ. ಅಲ್ಲಿ ಕಲಿತದ್ದಕ್ಕೆ ನನಗೆ ಹೆಮ್ಮೆಯಿದೆ. ಆದರೆ ಯುದ್ಧವಿಮಾನಕ್ಕೆ ಆಯ್ಕೆ ಮಾಡುವ ವೈದ್ಯನ ಅಭ್ಯಾಸವೇ ಬೇರೆ. ಅನುಮಾನ ಬಂದರೆ ಆ ಹುಡುಗನನ್ನು ಬಿಡು, ಸಾಲಿನಲ್ಲಿ ಇನ್ನೊಬ್ಬನಿದ್ದಾನೆ. ಸಾಲ ಮಾಡಿ ಬಂದ ನಾಗರಿಕನ ವಿಷಯದಲ್ಲಿ ಅದೇ ಅಭ್ಯಾಸ ಅನ್ಯಾಯವಾಗುತ್ತದೆ.

ಅದರ ಜೊತೆಗೆ ಸಹಿ ಹಾಕುವವನ ಪರಿಸ್ಥಿತಿಯನ್ನೂ ಯೋಚಿಸಿ. ನಾನು ಪಾಸು ಮಾಡಿದವನು ನಾಳೆ ವಿಮಾನ ಬೀಳಿಸಿದರೆ ತನಿಖಾ ವರದಿಯಲ್ಲಿ ನನ್ನ ಸಹಿ ಇರುತ್ತದೆ. ನಾನು ತಡೆಹಿಡಿದ ಹತ್ತು ಆರೋಗ್ಯವಂತರ ಬಗ್ಗೆ ಯಾರೂ ಎಂದೂ ನನ್ನನ್ನು ಕೇಳುವುದಿಲ್ಲ. ಇಂಥ ಕುರ್ಚಿಯಲ್ಲಿ ಎಷ್ಟೇ ಒಳ್ಳೆಯವನನ್ನು ಕೂರಿಸಿದರೂ ಅವನು ‘ಇನ್ನೊಂದು ವರದಿ ತನ್ನಿ’ ಎಂದೇ ಬರೆಯುತ್ತಾನೆ.

ಮುಂಗಾರು ಮೋಡ

ಡಾಕ್ಟರೇ, ಅಂಕಿಗಳ ಬಗ್ಗೆ ಒಂದು ತಮಾಷೆ. ಅಮೆರಿಕದಲ್ಲಿ ಪೈಲಟ್ ಬಿಪಿ 155/95ರವರೆಗೆ ಇರಬಹುದು, ಯುರೋಪಿನಲ್ಲಿ 160/95. ಅಟ್ಲಾಂಟಿಕ್ ದಾಟಿದರೆ ಹೃದಯಕ್ಕೆ ಐದು ಅಂಕ ಹೆಚ್ಚು ಧೈರ್ಯ ಬರುತ್ತದೆ ಎಂದು ಕಾಣುತ್ತದೆ. ನಾನು ಕೋ-ಪೈಲಟ್. ಮನೆಯಲ್ಲಿ 120 ಇರುವ ನನ್ನ ಬಿಪಿ ಪರೀಕ್ಷಾ ಕೋಣೆಯಲ್ಲಿ 145. ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆ, ಮಾರತ್ತಹಳ್ಳಿ ಸೇತುವೆಯ ಟ್ರಾಫಿಕ್, ಮುಂದಿನ ಒಂದು ವರ್ಷದ ಸಂಬಳ ಆ ಪಟ್ಟಿಯ ಗಾಳಿಯ ಮೇಲೆ ನಿಂತಿದೆ. ಏರದೆ ಏನು ಮಾಡೀತು?

ನಿವೃತ್ತ ಸ್ಟೆತಸ್ಕೋಪ್

ಅದಕ್ಕೇ 24 ಗಂಟೆಯ ಬಿಪಿ ಯಂತ್ರವಿದೆ ತಾಯಿ. ಕಟ್ಟಿಕೊಂಡು ಮನೆಗೆ ಹೋಗಿ, ಅದು ರಾತ್ರಿಯಿಡೀ ಬರೆದುಕೊಳ್ಳುತ್ತದೆ. ಮೆಡಿಕಲ್‌ಗೆ ಹೋಗುವ ಮೊದಲೇ ನಿಮ್ಮ ಹೃದ್ರೋಗ ತಜ್ಞರಿಂದ ಮಾಡಿಸಿ ಕೈಯಲ್ಲಿ ಹಿಡಿದು ಹೋಗಿ.

ವಕೀಲೆ, ಬಸವನಗುಡಿ

ಬಚ್ಚಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ನನ್ನ ಕ್ಷೇತ್ರದಿಂದ ಒಂದು ಕಥೆ ಹೇಳುತ್ತೇನೆ, ಅಮೆರಿಕದ ಸುಪ್ರೀಂ ಕೋರ್ಟಿನ 2012ರ ತೀರ್ಪು. ಖಾಸಗಿ ಪೈಲಟ್ ಒಬ್ಬರಿಗೆ 1985ರಲ್ಲಿ ಎಚ್‌ಐವಿ ಪತ್ತೆಯಾಯಿತು. ಆ ಕಾಲದಲ್ಲಿ ಎಚ್‌ಐವಿ ಇದ್ದವರಿಗೆ ಮೆಡಿಕಲ್ ಸಿಗುತ್ತಿರಲಿಲ್ಲ, ಹಾಗಾಗಿ ನವೀಕರಿಸದೆ ಬಿಟ್ಟರು. 1994ರಲ್ಲಿ ಮತ್ತೆ ಅರ್ಜಿ ಹಾಕಿ ಕಾಯಿಲೆಯನ್ನು ಮುಚ್ಚಿಟ್ಟು ಪಡೆದರು. ನಂತರ ಕಾಯಿಲೆ ಹೆಚ್ಚಾದಾಗ ಸಾಮಾಜಿಕ ಭದ್ರತಾ ಇಲಾಖೆಯಿಂದ ಅಂಗವಿಕಲ ಭತ್ಯೆ ಪಡೆದರು, ಅಲ್ಲಿ ನಿಜ ಹೇಳಿದರು. 2002ರಲ್ಲಿ ಎರಡೂ ಇಲಾಖೆಗಳು ಕಡತಗಳನ್ನು ಒಟ್ಟಿಗೆ ಇಟ್ಟು ನೋಡಿದವು, ಉತ್ತರ ಕ್ಯಾಲಿಫೋರ್ನಿಯಾದ ಸುಮಾರು 45,000 ಪೈಲಟ್‌ಗಳ ಕಡತಗಳನ್ನು. ಸಿಕ್ಕಿಬಿದ್ದರು, ತಪ್ಪೊಪ್ಪಿಕೊಂಡರು, ಎರಡು ವರ್ಷ ಪ್ರೊಬೇಷನ್, 1,000 ಡಾಲರ್ ದಂಡ.

ಅವರು ನನ್ನ ಖಾಸಗಿತನ ಮುರಿದಿರಿ ಎಂದು ದಾವೆ ಹೂಡಿದರು. ಮಾನಸಿಕ ಯಾತನೆಗೆ ಆ ಕಾನೂನಿನಡಿ ಪರಿಹಾರವಿಲ್ಲ ಎಂದು ಕೋರ್ಟು 5-3ರಿಂದ ಸೋಲಿಸಿತು. ನನಗೆ ಮುಖ್ಯವೆನಿಸಿದ್ದು ತೀರ್ಪಿನಲ್ಲಿ ಹಾಗೇ ಬಂದುಹೋಗುವ ಒಂದು ಸಾಲು. ಕೊನೆಗೆ ಅವರು ಎಚ್‌ಐವಿಯನ್ನು ಹೇಳಿಕೊಂಡು ಮತ್ತೆ ಅರ್ಜಿ ಹಾಕಿದರು, ನಿಯಂತ್ರಕರು ಕಡತ ನೋಡಿ ಲೈಸೆನ್ಸನ್ನೂ ಮೆಡಿಕಲನ್ನೂ ವಾಪಸು ಕೊಟ್ಟರು! ಕಾಯಿಲೆ ಅಡ್ಡಿಯಾಗಲಿಲ್ಲ, ಸುಳ್ಳು ಅಡ್ಡಿಯಾಯಿತು.

ಇದು ಹಳೆಯ ಮಾತೂ ಅಲ್ಲ. 2023ರಲ್ಲಿ ಅಲ್ಲಿನ ನಿಯಂತ್ರಕರು ಮಾಜಿ ಸೈನಿಕರ ಭತ್ಯೆಯ ದಾಖಲೆಯೊಂದಿಗೆ ಹೋಲಿಸಿ ಸುಮಾರು 4,800 ಪೈಲಟ್‌ಗಳ ಹೇಳಿಕೆಗಳನ್ನು ಪರಿಶೀಲನೆಗೆ ತೆಗೆದುಕೊಂಡರು. ನಮ್ಮಲ್ಲಿಯೂ ಸುಳ್ಳು ಮಾಹಿತಿ ಕೊಟ್ಟು ಪಡೆದ ಲೈಸೆನ್ಸನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ನಿಯಮಗಳಲ್ಲಿದೆ. ಆಸ್ಪತ್ರೆಯ ದಾಖಲೆ, ವಿಮೆಯ ದಾಖಲೆ ಎಲ್ಲವೂ ಕಂಪ್ಯೂಟರಿಗೆ ಏರುತ್ತಿರುವ ಕಾಲದಲ್ಲಿ ‘ಯಾರಿಗೆ ಗೊತ್ತಾಗುತ್ತದೆ’ ಎಂದು ಹೇಳುವ ಸ್ಕೂಲಿನ ಸಿಬ್ಬಂದಿ, ಹದಿನೈದು ವರ್ಷದ ನಂತರ ಆ ಹುಡುಗಿ ಕ್ಯಾಪ್ಟನ್ ಆಗಿದ್ದಾಗ ನೋಟಿಸ್ ಬಂದರೆ ಜೊತೆಗೆ ನಿಲ್ಲುತ್ತಾರೆಯೇ? ಅಪ್ಪ ಸರ್, ನೀವು ಹೇಳಿಕೊಟ್ಟದ್ದು ಸರಿಯಾಗಿದೆ.

ಶಾಂತಿನಗರ ಸ್ಟಾಪ್

ಮೇಡಂ, ನೀವು ಹೇಳಿದ್ದು ನನ್ನ ವಾದವನ್ನೇ ಗಟ್ಟಿ ಮಾಡಿತಲ್ಲ? ಹುಡುಕಿದರೆ ಸುಳ್ಳು ಹೇಳಿದವರು ಸಿಗುತ್ತಾರೆ. ಇಲ್ಲಿಯೂ ಹುಡುಕಲಿ.

ವಕೀಲೆ, ಬಸವನಗುಡಿ

ಹುಡುಕಲಿ, ಬೇಡ ಎನ್ನುವುದಿಲ್ಲ. ಆದರೆ ಹುಡುಕುವ ಮೊದಲು ಒಂದು ಬಾಗಿಲು ತೆರೆದಿಡಲಿ. ಅಮೆರಿಕದಲ್ಲಿ 2010ರವರೆಗೆ ಖಿನ್ನತೆಗೆ ಮಾತ್ರೆ ತೆಗೆದುಕೊಂಡರೆ ಹಾರುವಂತಿರಲಿಲ್ಲ. ಆ ವರ್ಷ ನಾಲ್ಕು ಔಷಧಿಗಳಿಗೆ ನಿಗಾ ಇಟ್ಟು ಒಪ್ಪಿಗೆ ಕೊಟ್ಟರು. ಜೊತೆಗೆ, ಇಷ್ಟು ದಿನ ಮುಚ್ಚಿಟ್ಟವರು ಆರು ತಿಂಗಳೊಳಗೆ ಹೇಳಿಕೊಂಡರೆ ಸುಳ್ಳು ಹೇಳಿದ್ದಕ್ಕೆ ಕ್ರಮವಿಲ್ಲ ಎಂದೂ ಘೋಷಿಸಿದರು. ಆಸ್ಟ್ರೇಲಿಯಾ ಅದಕ್ಕೂ ಬಹಳ ಮೊದಲಿನಿಂದ ಅಂಥ ಪೈಲಟ್‌ಗಳಿಗೆ ಹಾರಲು ಬಿಟ್ಟಿತ್ತು. ಅಲ್ಲಿನ ಹತ್ತು ವರ್ಷದ ದಾಖಲೆಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಳ್ಳುವವರಿಗೂ ತೆಗೆದುಕೊಳ್ಳದವರಿಗೂ ಅಪಘಾತದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ನಮ್ಮಲ್ಲಿಯೂ ನಿಯಮ ಬದಲಾಗುವುದಿಲ್ಲ ಎಂದೇನಿಲ್ಲ. ಹಾರ್ಮೋನ್ ಚಿಕಿತ್ಸೆಯಲ್ಲಿದ್ದ ಕಾರಣಕ್ಕೆ ಕೇರಳದ ಟ್ರಾನ್ಸ್‌ಜೆಂಡರ್ ಯುವಕರೊಬ್ಬರಿಗೆ ಮೆಡಿಕಲ್ ಸಿಗದೆ ಅದು ದೇಶದ ಸುದ್ದಿಯಾಯಿತು. 2022ರ ಆಗಸ್ಟ್‌ನಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಟ್ರಾನ್ಸ್‌ಜೆಂಡರ್ ಅರ್ಜಿದಾರರಿಗೆಂದೇ ಮಾರ್ಗಸೂಚಿ ಹೊರಡಿಸಿತು. ಒಬ್ಬರು ಗಟ್ಟಿಯಾಗಿ ಕೇಳಿದ್ದರಿಂದ ಆದದ್ದು ಅದು.

ಹಸಿರು ಅರೆಬರೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇರೆ ಎಳೆ ತೆರೆಯಬೇಕೋ ಗೊತ್ತಿಲ್ಲ. ನಾನು ಎಂಜಿನಿಯರಿಂಗ್ ಮುಗಿಸಿದವನು. ಬಣ್ಣ ಗುರುತಿಸುವ ಶಕ್ತಿ ಪರೀಕ್ಷಿಸುವ ಇಶಿಹಾರ ಪುಸ್ತಕದ ಚುಕ್ಕೆಗಳಲ್ಲಿ ಕೆಲವು ಅಂಕಿಗಳು ನನಗೆ ಕಾಣುವುದಿಲ್ಲ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಎಂದೂ ತೊಂದರೆಯಾಗಿಲ್ಲ. ಜಕ್ಕೂರಿನ ಬೇಲಿಯಾಚೆ ನಿಂತು ವಿಮಾನ ನೋಡುವುದಷ್ಟೇ ನನ್ನ ಪಾಲಿಗೆ ಬಂದದ್ದೇ? 1917ರಲ್ಲಿ ಮಾಡಿದ ಪುಸ್ತಕ ಈಗಲೂ ತೀರ್ಪು ಕೊಡುವುದು ಹಾಸ್ಯಾಸ್ಪದವಲ್ಲವೇ?

ಟವರ್ ಕಡೆಯಿಂದ

ಹಾಸ್ಯಾಸ್ಪದವಲ್ಲ ತಮ್ಮಾ. ನಾನು ವಿಮಾನ ಸಂಚಾರ ನಿಯಂತ್ರಣದಲ್ಲಿದ್ದು ನಿವೃತ್ತನಾದವನು. ರೇಡಿಯೋ ಕೆಟ್ಟ ವಿಮಾನಕ್ಕೆ ನಾವು ಟವರಿನಿಂದ ತೋರಿಸುವುದು ಕೆಂಪು, ಹಸಿರು, ಬಿಳಿ ದೀಪ. ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿಯಾದ ಇಳಿಜಾರಿನಲ್ಲಿದ್ದೀಯ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀಯ.

2002ರ ಜುಲೈ 26ರಂದು ಬೆಳಗಿನ ಜಾವ ಅಮೆರಿಕದ ಟಲಹಾಸಿಯಲ್ಲಿ ಫೆಡ್‌ಎಕ್ಸ್ 1478 ಎಂಬ ಸರಕು ವಿಮಾನ ರನ್‌ವೇಗೆ ಮೊದಲೇ ಮರಗಳಿಗೆ ಬಡಿದು ಬಿತ್ತು. ಮೂವರೂ ಬದುಕಿದರು. ವಿಮಾನವನ್ನು ಇಳಿಸುತ್ತಿದ್ದ ಪೈಲಟ್‌ಗೆ ಬಣ್ಣ ಗುರುತಿಸುವ ದೋಷವಿತ್ತು, ಅದಕ್ಕೆ ವಿನಾಯಿತಿ ಪಡೆದೇ ಹಾರುತ್ತಿದ್ದರು. ಆಯಾಸದ ಜೊತೆಗೆ ಈ ದೋಷವನ್ನೂ ತನಿಖೆ ಕಾರಣಗಳಲ್ಲಿ ಸೇರಿಸಿತು.

ಆದರೆ ಎಲ್ಲ ದೋಷವೂ ಒಂದೇ ತೀವ್ರತೆಯದಲ್ಲ ಎಂಬ ನಿನ್ನ ಮಾತಿನಲ್ಲಿ ಹುರುಳಿದೆ. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕಂಪ್ಯೂಟರ್ ಪರೀಕ್ಷೆಯೊಂದಿದೆ. ಕೆಂಪು-ಹಸಿರನ್ನು ಎಷ್ಟರ ಮಟ್ಟಿಗೆ ಗುರುತಿಸಬಲ್ಲೆ ಎಂಬುದನ್ನು ಅದು ಅಳೆಯುತ್ತದೆ. ಅಮೆರಿಕವೂ 2025ರ ಜನವರಿಯಿಂದ ಹೊಸಬರಿಗೆ ಕಂಪ್ಯೂಟರ್ ಪರೀಕ್ಷೆಯನ್ನೇ ಕಡ್ಡಾಯ ಮಾಡಿದೆ. ಪುಸ್ತಕದಲ್ಲಿ ಸೋತವನು ಅಳತೆಯಲ್ಲಿ ಗೆಲ್ಲಬಹುದು, ಪುಸ್ತಕದಲ್ಲಿ ಹೇಗೋ ಗೆದ್ದವನು ಅಳತೆಯಲ್ಲಿ ಸೋಲಲೂಬಹುದು. ಅಂಕಿಗಳನ್ನು ಬಾಯಿಪಾಠ ಮಾಡಿಸುವ ಮಹಾನುಭಾವರೂ ಇದ್ದಾರೆ, ಅವರ ಬಳಿ ಹೋಗಬೇಡ.

ಹಸಿರು ಅರೆಬರೆ

ಧನ್ಯವಾದ ಸರ್. ಬಾಯಿಪಾಠದ ವಿಡಿಯೋ ನೋಡಿದ್ದೇನೆ, ಪುಟಗಳ ಕ್ರಮ ಬದಲಿಸಿದರೆ ಮುಗಿಯಿತು.

ಮುಂಗಾರು ಮೋಡ

ಮಾನಸಿಕ ಆರೋಗ್ಯದ ವಿಷಯಕ್ಕೆ ಮರಳುತ್ತೇನೆ. ಅಹಮದಾಬಾದ್ ವಿಮಾನ ದುರಂತವಾದದ್ದು 2025ರ ಜೂನ್ 12ರಂದು. ಜೂನ್ 16ರಂದು ಒಂದೇ ದಿನ ಏರ್ ಇಂಡಿಯಾದ 112 ಪೈಲಟ್‌ಗಳು ಅನಾರೋಗ್ಯದ ರಜೆ ಹಾಕಿದ್ದರು, 51 ಕ್ಯಾಪ್ಟನ್‌ಗಳು ಮತ್ತು 61 ಕೋ-ಪೈಲಟ್‌ಗಳು. ಸಚಿವರೇ ಲೋಕಸಭೆಯಲ್ಲಿ ಕೊಟ್ಟ ಉತ್ತರ ಇದು. ಸಹೋದ್ಯೋಗಿಗಳು ಸುಟ್ಟುಹೋದ ವಾರ ಅದು. ಅವರಲ್ಲಿ ಎಷ್ಟು ಮಂದಿ ರಜೆ ಅರ್ಜಿಯಲ್ಲಿ ‘ನಿದ್ದೆ ಬರುತ್ತಿಲ್ಲ, ಕಣ್ಣು ಮುಚ್ಚಿದರೆ ಬೆಂಕಿ ಕಾಣುತ್ತದೆ’ ಎಂದು ಬರೆದಿರಬಹುದು? ಹೊಟ್ಟೆನೋವು, ಜ್ವರ, ಬೆನ್ನುನೋವು ಎಂದೇ ಬರೆದಿರುತ್ತಾರೆ ಎಂದು ನಾನು ಪಣ ಕಟ್ಟುತ್ತೇನೆ. ನಿಮ್ಹಾನ್ಸ್ ಇರುವ ಊರಿನಲ್ಲಿ ಕುಳಿತು ನಾವು ಇದನ್ನು ಮಾತನಾಡುತ್ತಿದ್ದೇವೆ!

ಅದೇ ಉತ್ತರದಲ್ಲಿ ಸಚಿವರು 2023ರ ಫೆಬ್ರವರಿಯ ಡಿಜಿಸಿಎ ಸುತ್ತೋಲೆಯನ್ನೂ ನೆನಪಿಸಿದ್ದರು. ಮೆಡಿಕಲ್ ಸಮಯದಲ್ಲಿಯೇ ಮಾನಸಿಕ ಆರೋಗ್ಯವನ್ನು ಚುಟುಕಾಗಿ ಪರಿಶೀಲಿಸಬೇಕು, ಕಂಪನಿಗಳು ಪೈಲಟ್‌ಗಳಿಗಾಗಿ ಸಹೋದ್ಯೋಗಿ ನೆರವು ಗುಂಪು ಮಾಡಬೇಕು ಎಂದು ಅದರಲ್ಲಿದೆ. ಕಾಗದದ ಮೇಲೆ ಒಳ್ಳೆಯದೇ. ಈ ಗುಂಪುಗಳು ನಿಜವಾಗಿ ನಡೆಯುತ್ತಿವೆಯೇ, ಯಾರಾದರೂ ಬಳಸಿದ್ದೀರಾ?

ಎಡಗಡೆ ಸೀಟು

ಯುರೋಪಿನಲ್ಲಿ 2021ರಿಂದ ಇಂಥ ನೆರವು ವ್ಯವಸ್ಥೆ ಕಡ್ಡಾಯ. ಅಲ್ಲಿ ಹಾರುವ ಸ್ನೇಹಿತರೊಬ್ಬರು ಬಳಸಿದ್ದಾರೆ. ಫೋನ್ ಎತ್ತುವವನು ಇನ್ನೊಬ್ಬ ಪೈಲಟ್, ಹೇಳಿದ್ದು ಅವನಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಬರುವುದು ವಿಚ್ಛೇದನ, ಸಾಲ, ಅಪ್ಪನ ಸಾವು. ಎರಡು ವಾರ ರಜೆ ಕೊಟ್ಟು, ಮಾತನಾಡಿ, ಮರಳಿ ಕಳುಹಿಸುತ್ತಾರೆ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿಯೂ ಗುಂಪು ಮಾಡಿದ್ದರು. ಅದರ ಮುಖ್ಯಸ್ಥರು ನಮ್ಮ ಡ್ಯೂಟಿ ಪಟ್ಟಿ ತಯಾರಿಸುವವರ ಮೇಲಧಿಕಾರಿ. ಫೋನ್ ಸದ್ದು ಮಾಡಿದ್ದನ್ನು ಯಾರೂ ಕೇಳಲಿಲ್ಲ.

ಶಾಂತಿನಗರ ಸ್ಟಾಪ್

ಇದೊಂದು ನನಗೆ ಒಪ್ಪಿಗೆಯಾಯಿತು. ಅಪ್ಪ ಸತ್ತ ದುಃಖದಲ್ಲಿರುವವನು ಹೊಟ್ಟೆನೋವು ಎಂದು ಬರೆದು ಮನೆಯಲ್ಲಿದ್ದರೂ ಸರಿ, ನನ್ನ ವಿಮಾನ ಹಾರಿಸದಿದ್ದರೆ ಸಾಕು. ಆದರೆ ತೀವ್ರ ಕಾಯಿಲೆ ಇದ್ದವನ ವಿಷಯದಲ್ಲಿ ವೈದ್ಯರಿಗೆ ಗೋಪ್ಯತೆಯ ಹೆಸರಿನಲ್ಲಿ ಬಾಯಿ ಕಟ್ಟಬಾರದು. ಜರ್ಮನಿಯಲ್ಲಿ ಅಷ್ಟು ವೈದ್ಯರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ 149 ಜನ ಬದುಕಿರುತ್ತಿದ್ದರು. ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ನಿವೃತ್ತ ಸ್ಟೆತಸ್ಕೋಪ್

ಸರಿಯಬೇಕಾಗಿಯೂ ಇಲ್ಲ. ಸಾರ್ವಜನಿಕ ಸುರಕ್ಷತೆಗೆ ಅಪಾಯವಿದ್ದಾಗ ವೈದ್ಯರು ಯಾವಾಗ ಗೋಪ್ಯತೆ ಮುರಿಯಬೇಕು ಎಂಬ ಬಗ್ಗೆ ಸ್ಪಷ್ಟ ನಿಯಮ ಬೇಕೆಂದು ಫ್ರಾನ್ಸಿನ ಆ ವರದಿಯೇ ಕೇಳಿದೆ.

ಈಗ ರಾಜಾಜಿನಗರದ ಅಪ್ಪನವರ ಕೆಲಸದ ಮಾತು. ನಿಮ್ಮ ಮನೋವೈದ್ಯರ ವರದಿಯಲ್ಲಿ ‘ಹಾರಾಟಕ್ಕೆ ಯೋಗ್ಯಳು’ ಎಂಬ ಒಂದೇ ಸಾಲು ಇದ್ದರೆ ಅದರಿಂದ ಪ್ರಯೋಜನ ಕಡಿಮೆ. ಹಾರಾಟಕ್ಕೆ ಯೋಗ್ಯತೆ ತೀರ್ಮಾನಿಸುವುದು ಅವರ ಕೆಲಸವಲ್ಲ ಎಂದು ಮೇಜಿನ ಆಚೆ ಕುಳಿತವರು ಭಾವಿಸುತ್ತಾರೆ, ಕಡತ ಬದಿಗೆ ಹೋಗುತ್ತದೆ. ಅವರಿಗೆ ಬೇಕಾದದ್ದು ಚರಿತ್ರೆ. ತೊಂದರೆ ಯಾವಾಗ ಶುರುವಾಯಿತು, ಯಾವುದರಿಂದ, ಎಷ್ಟು ಕಾಲ ಇತ್ತು, ಕಾಯಿಲೆ ಎಂದು ಹೆಸರಿಡುವಷ್ಟು ಇತ್ತೇ, ಮಾತ್ರೆ ಕೊಟ್ಟರೇ, ಆ ಕಾಲದಲ್ಲಿ ಕಾಲೇಜು ತಪ್ಪಿತೇ, ಆಮೇಲೆ ಒತ್ತಡ ಬಂದಾಗ ಮರುಕಳಿಸಿತೇ, ಕುಟುಂಬದಲ್ಲಿ ಯಾರಿಗಾದರೂ ಇದೆಯೇ. ಇವಿಷ್ಟಕ್ಕೂ ಉತ್ತರವಿರುವ ವರದಿ ಬರೆಸಿ. ಆಪ್ತಸಮಾಲೋಚಕಿಯ ಆಗಿನ ಟಿಪ್ಪಣಿಯ ಪ್ರತಿ, ಪಿಯುಸಿ ಅಂಕಪಟ್ಟಿ, ಹಾಜರಾತಿ ಸೇರಿಸಿ. ಸಹಿ ಹಾಕುವವನು ತನ್ನ ಸಹಿಯನ್ನು ಸಮರ್ಥಿಸಿಕೊಳ್ಳಲು ಕಾಗದ ಹುಡುಕುತ್ತಿರುತ್ತಾನೆ. ಆ ಕಾಗದವನ್ನು ನೀವೇ ಒದಗಿಸಿ.

ವಕೀಲೆ, ಬಸವನಗುಡಿ

ಡಾಕ್ಟರ್ ಹೇಳಿದ ದಾಖಲೆ ಕಳುಹಿಸಿದ ಮೇಲೂ ಕಡತ ಅಲುಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕೇಂದ್ರದ ಆನ್‌ಲೈನ್ ಪೋರ್ಟಲ್ ಇದೆ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರಿಸಬೇಕು. ಅರ್ಜಿ ಮಗಳ ಹೆಸರಿನಲ್ಲಿಯೇ ಇರಲಿ. ವೈದ್ಯಕೀಯ ಮಾಹಿತಿಯನ್ನು ಅಪ್ಪ ಕೇಳಿದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ತಿರಸ್ಕರಿಸಲು ಅವರಿಗೆ ಸುಲಭ. ‘ನನಗೇಕೆ ಅನ್ಯಾಯ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ. ನನ್ನ ವರದಿ ಕಚೇರಿಗೆ ಬಂದ ದಿನಾಂಕ ಯಾವುದು, ಈಗ ಯಾವ ಹುದ್ದೆಯ ಅಧಿಕಾರಿಯ ಬಳಿ ಇದೆ, ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ ಎಂದು ಕೇಳಿ. ಎಷ್ಟೋ ಸಲ ಈ ಅರ್ಜಿ ತಲುಪಿದ ಮೇಲೆಯೇ ಕಡತಕ್ಕೆ ಕಾಲು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಇಷ್ಟು ದಿನದೊಳಗೆ ತೀರ್ಮಾನಿಸಿ ಎಂದು ನಿರ್ದೇಶನ ಕೋರಿ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಪಾಸು ಮಾಡಿ ಎಂದು ಕೋರ್ಟು ಹೇಳುವುದು ಅಪರೂಪ, ವೈದ್ಯರ ತೀರ್ಮಾನದಲ್ಲಿ ಅದು ಕೈ ಹಾಕಲು ಹಿಂಜರಿಯುತ್ತದೆ. ಬೇಗ ತೀರ್ಮಾನಿಸಿ ಎನ್ನಲು ಹಿಂಜರಿಯುವುದಿಲ್ಲ.

ರಾಜಾಜಿನಗರದ ಅಪ್ಪ

ಡಾಕ್ಟರೇ, ನೀವು ಹೇಳಿದ ಹಾಗೆ ನಮ್ಮ ವರದಿ ನಿಜಕ್ಕೂ ಒಂದೇ ಪ್ಯಾರಾ. ಸೋಮವಾರ ಮತ್ತೆ ವೈದ್ಯರ ಸಮಯ ಕೇಳಿದ್ದೇವೆ. ಈ ಎಳೆಯನ್ನು ಮಗಳಿಗೆ ಓದಲು ಕಳುಹಿಸಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ಯಲಹಂಕ ಏರ್‌ಶೋ

ನನ್ನ ತಂಗಿಯ ಮಗ ಮುಂದಿನ ತಿಂಗಳು ಸೇರುವವನಿದ್ದಾನೆ. ಕ್ಲಾಸ್ 2 ಆಗಿದೆ, ಅದು ಸಾಕು, ಶುಲ್ಕ ಕಟ್ಟಿ ಎಂದು ಸ್ಕೂಲಿನವರು ಅವಸರ ಮಾಡುತ್ತಿದ್ದಾರೆ. ಕಟ್ಟಬಹುದೇ?

ಎಡಗಡೆ ಸೀಟು

ಬೇಡ. ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ ಕ್ಲಾಸ್ 2 ಸಾಕು ಎಂಬುದು ನಿಜ, ಅವರು ಸುಳ್ಳು ಹೇಳುತ್ತಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1 ಬೇಕು ಎಂಬ ಉಳಿದರ್ಧವನ್ನು ಹೇಳುತ್ತಿಲ್ಲ. ಕೆಲಸದಲ್ಲಿರುವ ಪೈಲಟ್ ಮೆಡಿಕಲ್ ಕಳೆದುಕೊಂಡರೆ ಎಷ್ಟೋ ಕಡೆ ಕಂಪನಿಯ ಲೈಸೆನ್ಸ್ ನಷ್ಟದ ವಿಮೆ ಸ್ವಲ್ಪವಾದರೂ ಕೈ ಹಿಡಿಯುತ್ತದೆ. ವಿದ್ಯಾರ್ಥಿಯ ಬೆನ್ನಿಗೆ ಬ್ಯಾಂಕು ಮಾತ್ರ ಇರುತ್ತದೆ. ಕ್ಲಾಸ್ 1 ಕೈಗೆ ಬಂದ ಮೇಲೆ ಕಟ್ಟುತ್ತೇವೆ ಎಂದು ಹೇಳಿ. ಸೀಟು ಹೋಗುತ್ತದೆ ಎಂದರೆ ಹೋಗಲಿ, ಹಾರುವ ಸ್ಕೂಲು ಅದೊಂದೇ ಅಲ್ಲ.

ಯಲಹಂಕ ಏರ್‌ಶೋ

ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸ ಇತ್ತು. ಅದನ್ನೂ ಬರೆಯಬೇಕೇ?

ನಿವೃತ್ತ ಸ್ಟೆತಸ್ಕೋಪ್

ಬರೆಯಬೇಕು. ಕೊನೆಯ ಸಲ ಇನ್‌ಹೇಲರ್ ಬಳಸಿದ್ದು ಯಾವಾಗ ಎಂದು ಅವನ ತಾಯಿಯನ್ನು ಕೇಳಿ ತಿಳಿದುಕೊಳ್ಳಿ. ಶ್ವಾಸಕೋಶ ತಜ್ಞರ ಬಳಿ ಸ್ಪೈರೋಮೆಟ್ರಿ, ಅಂದರೆ ಉಸಿರಿನ ಪರೀಕ್ಷೆ ಮಾಡಿಸಿ, ವರದಿಯನ್ನು ಅರ್ಜಿಯ ಜೊತೆಗೇ ಇಡಿ.